ಬೀಡು, ಬಿಡಾರ, ಹೋಟೆಲು

ಕನ್ನಡದಲ್ಲಿ ತಂಗುದಾಣವನ್ನು ಸೂಚಿಸುವ ಕೆಲವು ಹಳೆಯ ಪದಗಳು 'ಬಿಡು' ಎಂಬ ಧಾತುವಿನ ಸಂತಾನ. ಬೀಡು, ಬಿಡಾರ, ಬಿಡದಿ ಎಂಬ ಮೂರರಲ್ಲೂ ಹೊತ್ತದ್ದನ್ನು ಇಳಿಸಿ, ಕಟ್ಟಿದ್ದನ್ನು ಬಿಚ್ಚಿ ವಿಶ್ರಮಿಸುವ ಅರ್ಥಛಾಯೆಯಿದೆ. ಶಾಸನಗಳಲ್ಲಿ ಅರಸರ 'ನೆಲೆವೀಡು' ಪದೇಪದೇ ಬರುತ್ತದೆ. ದಾರಿಹೋಕರಿಗಾಗಿ ಸತ್ರ, ಅರವಟಿಗೆಗಳಿಗೆ ಬಿಟ್ಟ ದತ್ತಿಗಳ ಉಲ್ಲೇಖಗಳೂ ಇವೆ. 'ಹೋಟೆಲು' ಪದದ ಕಥೆ ಬೇರೆ. ಇಂಗ್ಲಿಷಿನಲ್ಲಿ ಅದು ತಂಗುವ ಮನೆ. ಕನ್ನಡಕ್ಕೆ ಬಂದಾಗ ತಿನ್ನುವ ಮನೆಯಾಯಿತು. 'ಹೋಟೆಲಿಗೆ ಹೋಗೋಣ' ಎಂದರೆ ಕನ್ನಡಿಗರ ಕಣ್ಣಮುಂದೆ ಬರುವುದು ಇಡ್ಲಿ, ಕಾಫಿಯೇ ಹೊರತು ಹಾಸಿಗೆಯಲ್ಲ. ತಂಗುವುದಕ್ಕೆ ಛತ್ರ, ಲಾಡ್ಜು ಎಂಬ ಬೇರೆ ಮಾತುಗಳನ್ನು ಅವರು ಇಟ್ಟುಕೊಂಡರು.

ಈ ಎರಡು ಅರ್ಥಗಳ ನಡುವಿನ ಅಂತರ ಉಡುಪಿ ಸಮೀಪದ ಒಂದು ಕುಟುಂಬದಲ್ಲಿ, ಮುಂಬಯಿ ಪ್ರವಾಸದ ಸಿದ್ಧತೆಯ ಹೊತ್ತಿಗೆ, ನಿಘಂಟಿನ ಆಚೆಗಿನ ಪ್ರಶ್ನೆಯಾಗಿ ಎದುರು ನಿಂತಿತು. ಮನೆಯ ಯಜಮಾನ ಬ್ಯಾಂಕಿನ ಅಧಿಕಾರಿ. ಮಡದಿ ಶಾಲಾ ಶಿಕ್ಷಕಿ. ಮಗಳಿಗೆ 11 ವರ್ಷ, ಮಗನಿಗೆ 5. ಜೊತೆಗೆ 74 ವರ್ಷದ ತಾಯಿ. ಈ ತಾಯಿಯ ಪತಿ, ಈಗ ಬದುಕಿಲ್ಲದವರು, 1957ರಲ್ಲಿ 13ರ ವಯಸ್ಸಿನಲ್ಲಿ ಮುಂಬಯಿ ಸೇರಿ ಕೋಟೆ ಪ್ರದೇಶದ ಒಂದು ಕನ್ನಡಿಗರ ಹೋಟೆಲಿನಲ್ಲಿ ಮಾಣಿಯಾಗಿದ್ದರು. ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರು. ಕರಾವಳಿಯ ಸಾವಿರಾರು ಹುಡುಗರ ಬದುಕು ಹೀಗೆಯೇ ಸಾಗಿತು; ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರು ಆರಂಭಿಸಿದ ಊಟದ ಮನೆಯಂತಹ ಹೆಸರಾಂತ ಸಂಸ್ಥೆಗಳ ಹಿಂದೆಯೂ ಇಂತಹ ಹುಡುಗರ ದುಡಿಮೆಯಿದೆ. ಬಿಡುವಿನ ದಿನ ಅವರು ಅಪೋಲೋ ಬಂದರಿನವರೆಗೆ ನಡೆದುಹೋಗಿ, ಕಡಲಿಗೆ ಬೆನ್ನು ಮಾಡಿ ಕುಳಿತು, ತಾಜ್ ಮಹಲ್ ಹೋಟೆಲನ್ನು ನೋಡುತ್ತಿದ್ದರಂತೆ. ಒಳಗೆ ಹೋದದ್ದಿಲ್ಲ.

ಮಗನ ಮನಸ್ಸಿನಲ್ಲಿದ್ದದ್ದು ಇದು: ಅಪ್ಪ ಹೊರಗಿನಿಂದ ನೋಡಿದ ಮನೆಯೊಳಗೆ ಅಮ್ಮ ಮಲಗಬೇಕು, ಮಕ್ಕಳು ಅದನ್ನು ಕಾಣಬೇಕು. ಇದನ್ನು ಆತ ಯಾರಿಗೂ ಬಿಡಿಸಿ ಹೇಳಲಿಲ್ಲ. 'ಅದು ಚರಿತ್ರೆಯಿರುವ ಕಟ್ಟಡ' ಎಂದಷ್ಟೇ ಹೇಳಿದ. ಮಾತು ಸುಳ್ಳಲ್ಲ. ಜಮ್ಶೆಟ್‌ಜಿ ಟಾಟಾ ಕಟ್ಟಿಸಿದ ಆ ಹೋಟೆಲು 1903ರ ಡಿಸೆಂಬರ್ 16ರಂದು ತೆರೆಯಿತು. ಎದುರಿನ ಗೇಟ್‌ವೇ ಆಫ್ ಇಂಡಿಯಾ ಪೂರ್ಣಗೊಂಡದ್ದು 1924ರಲ್ಲಿ. ಎಂದರೆ ಕಡಲಿನಿಂದ ಬರುವವರಿಗೆ ಮಹಾದ್ವಾರಕ್ಕಿಂತ ಮೊದಲು ಕಂಡದ್ದು ಹೋಟೆಲಿನ ಗುಮ್ಮಟ. ಮೊದಲ ಮಹಾಯುದ್ಧದ ಕಾಲದಲ್ಲಿ ಅದು 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು. 2008ರ ನವೆಂಬರಿನ ದಾಳಿಯಲ್ಲಿ ಬೆಂದು, ಮತ್ತೆ ಎದ್ದು ನಿಂತಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅದೇ 1903ರಲ್ಲಿ ಬೆಂಗಳೂರಿನ ರೈಲುನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಧರ್ಮಛತ್ರವೂ ಆರಂಭವಾಯಿತು. ಇಬ್ಬರೂ ವ್ಯಾಪಾರದಿಂದ ಬೆಳೆದವರೇ. ಒಂದೇ ವರ್ಷದಲ್ಲಿ ಎದ್ದ ಆ ಎರಡು ಮನೆಗಳಲ್ಲಿ ಒಂದು ಪ್ರವಾಸಿಯನ್ನು ಗಿರಾಕಿಯಾಗಿಯೂ ಇನ್ನೊಂದು ಅತಿಥಿಯಾಗಿಯೂ ಬರಮಾಡಿಕೊಂಡಿತು.

ಮಡದಿಯದು ಬೇರೆ ಲೆಕ್ಕ. ಆಕೆಯ ಮುಂದೆ ಮೂರು ಆಯ್ಕೆಗಳಿದ್ದವು: ಕಡಲೆದುರಿನ ತಾಜ್, ಬಾಂದ್ರಾ–ಕುರ್ಲಾ ಸಂಕೀರ್ಣದ ಒಂದು ಹೊಸ ಪಂಚತಾರಾ ಹೋಟೆಲು, ಮಾಟುಂಗದಲ್ಲಿ ನೆಂಟರ ಮನೆಗೆ ಹತ್ತಿರವಾದ, ದಿನಬಾಡಿಗೆಗೆ ಸಿಗುವ ಅಡುಗೆಮನೆಯುಳ್ಳ ಫ್ಲಾಟು. ಎರಡನೆಯದರಲ್ಲಿ ಈಜುಕೊಳ ದೊಡ್ಡದು, ಮಕ್ಕಳಿಗೆ ಆಟದ ಕೋಣೆಯಿದೆ, ಬಾಡಿಗೆಯೂ ಕಡಿಮೆ. ಮೂರನೆಯದು ಎಲ್ಲಕ್ಕಿಂತ ಅಗ್ಗ. ಆದರೆ ಅಲ್ಲಿ ಅಡುಗೆ ಮಾಡುವವಳು ತಾನೇ ಎಂಬುದು ಆಕೆಗೆ ತಿಳಿದಿತ್ತು. ಕೋಣೆಯ ದಿನಬಾಡಿಗೆ 7,500 ರೂಪಾಯಿ ದಾಟಿದರೆ ಶೇ. 18ರ ತೆರಿಗೆ, ಅಂತಹ ಹೋಟೆಲಿನೊಳಗಿನ ಊಟಕ್ಕೂ ಅದೇ ದರ. ಐದು ಜನ ಒಂದು ಕೋಣೆಯಲ್ಲಿ ಇರಲಾಗದು, ಎರಡು ಬೇಕೇ ಬೇಕು. ಆಗ ಏಳುವ ಪ್ರಶ್ನೆ: ಅವು ಅಕ್ಕಪಕ್ಕದ ಕೋಣೆಗಳೇ, ನಡುವೆ ಒಳಬಾಗಿಲಿರುವ ಕೋಣೆಗಳೇ? ಜಾಹೀರಾತಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ರಾತ್ರಿ ಮೂರು ಗಂಟೆಗೆ ಎಚ್ಚರಗೊಂಡು ಅಮ್ಮನನ್ನು ಹುಡುಕುವ 5 ವರ್ಷದ ಮಗುವಿಗೆ ಒಳಬಾಗಿಲಿಗೂ ಹೊರಗಿನ ಓಣಿಗೂ ಅಜಗಜಾಂತರ.

ಆಕೆ ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗಳು ಈ ಬಗೆಯವು. ಕೋಣೆ ದೊರೆಯುವುದು ಮಧ್ಯಾಹ್ನ 2 ಗಂಟೆಗೆ. ಮತ್ಸ್ಯಗಂಧಾ ರೈಲು ಬೆಳಿಗ್ಗೆಯೇ ಲೋಕಮಾನ್ಯ ತಿಲಕ್ ಟರ್ಮಿನಸ್ ತಲುಪುತ್ತದೆ, ನಡುವಿನ ಹೊತ್ತಿನಲ್ಲಿ ಮುದುಕಿ ಮತ್ತು ಮಗು ಎಲ್ಲಿ ಕುಳಿತುಕೊಳ್ಳಬೇಕು? ಹೆಚ್ಚುವರಿ ಹಾಸಿಗೆ ಎಂದರೆ ಮಂಚವೇ, ಸೋಫಾವೇ? ಈಜುಕೊಳದಲ್ಲಿ ಮಕ್ಕಳು ನಿಲ್ಲುವಷ್ಟು ಆಳದ ಭಾಗವಿದೆಯೇ? ಕಿಟಕಿ ತೆರೆದರೆ ಮಗುವಿನ ತಲೆ ತೂರುತ್ತದೆಯೇ? ಸ್ನಾನದ ಮನೆಯಲ್ಲಿ ಹಿಡಿದು ನಿಲ್ಲಲು ಹಿಡಿಕೆ ಉಂಟೇ? ವೈಭವವನ್ನು ಅಮೃತಶಿಲೆಯಲ್ಲಿ ಅಳೆಯುವ ಬರಹಗಳಲ್ಲಿ ಇವು ಕಾಣಿಸುವುದಿಲ್ಲ. ಆದರೆ ಮಕ್ಕಳನ್ನೂ ವೃದ್ಧರನ್ನೂ ಕಟ್ಟಿಕೊಂಡು ಹೋಗುವವರ ಪಾಲಿಗೆ ಸುಖವೆಂಬುದು ನೆಲೆಸಿರುವುದು ಇಂತಹ ಕಡೆಗಳಲ್ಲಿಯೇ.

ನಗರದ ನಕ್ಷೆ ಕೊನೆಗೆ ಪ್ರಶ್ನೆಯನ್ನು ಅರ್ಧ ಬಿಡಿಸಿತು. ಮಕ್ಕಳು ನೋಡಬೇಕೆಂದದ್ದು ಎಲಿಫೆಂಟಾ ಗುಹೆ ಮತ್ತು ವಸ್ತುಸಂಗ್ರಹಾಲಯ. ಎಲಿಫೆಂಟಾಕ್ಕೆ ದೋಣಿ ಹೊರಡುವುದು ಗೇಟ್‌ವೇ ಬಳಿಯಿಂದಲೇ, ಪಯಣ ಸುಮಾರು ಒಂದು ಗಂಟೆ, ಸೋಮವಾರ ರಜೆ, ದ್ವೀಪದಲ್ಲಿ ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. 1922ರಲ್ಲಿ ಜನರಿಗೆ ತೆರೆದ, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿನ ವಸ್ತುಸಂಗ್ರಹಾಲಯ ಅಲ್ಲಿಂದ ನಡೆದುಹೋಗುವಷ್ಟು ದೂರ. ಬಾಂದ್ರಾದಲ್ಲಿ ಇಳಿದರೆ ದಿನಕ್ಕೆ ಎರಡು ಸಲ ನಗರದ ವಾಹನಸಾಗರವನ್ನು ದಾಟಬೇಕು. ಮಗು ನಡುಹಗಲು ಹಟ ಹಿಡಿದರೆ, ಅಜ್ಜಿಯ ಮಂಡಿ ನೊಂದರೆ ಹಿಂತಿರುಗುವಂತಿಲ್ಲ. ದಣಿದವರು ಹಿಂತಿರುಗಬಹುದಾದ ಜಾಗವೇ ಬಿಡಾರ ಎಂಬ ಪದಕ್ಕೆ ಯೋಗ್ಯ. ದೊಡ್ಡ ಈಜುಕೊಳ ಇದಕ್ಕೆ ಬದಲಿಯಾಗದು.

ಹೀಗೆ ಗಂಡನ ಭಾವವೂ ಹೆಂಡತಿಯ ಲೆಕ್ಕವೂ ಒಂದೇ ಕಡೆಗೆ ಬಂದು ನಿಂತಾಗ, ಉಳಿದ ಅರ್ಧ ಪ್ರಶ್ನೆಯನ್ನು ಎತ್ತಿದವರು ತಾಯಿ. ಮಗ ಚಿತ್ರಗಳನ್ನು ತೋರಿಸಿದ. ಆಕೆ ಬಹಳ ಹೊತ್ತು ನೋಡಿ ಕೇಳಿದರು: "ಚಂದ ಉಂಟು ಮಗಾ. ಅಲ್ಲಿ ರಾತ್ರಿ ಕೆಲಸ ಮಾಡುವ ಮಕ್ಕಳು ಎಲ್ಲಿ ಮಲಗುವುದು?"

ಮಗನಲ್ಲಿ ಉತ್ತರವಿರಲಿಲ್ಲ. ಅಪ್ಪನ ಋಣ ತೀರಿಸುವುದೆಂದರೆ ಅಪ್ಪ ನಿಂತಿದ್ದ ಬದಿಯಿಂದ ಎದುರು ಬದಿಗೆ ದಾಟುವುದು ಎಂದು ಆತ ತಿಳಿದಿದ್ದ. ತಾಯಿ ಐವತ್ತು ವರ್ಷ ಬಾಳಿದ್ದು ಮೇಜಿನ ಮೇಲೆ ಮಲಗಿದ ಹುಡುಗನ ಜೊತೆ. ಆಕೆಯ ಕಣ್ಣಿಗೆ ಯಾವ ಕಟ್ಟಡದಲ್ಲಿಯೂ ಮೊದಲು ಕಾಣುವುದು ಅವನೇ. ಆಕೆ ಬೇಡವೆನ್ನಲಿಲ್ಲ, ಹಣದ ಮಾತನ್ನೂ ಎತ್ತಲಿಲ್ಲ. ಹಣ ಕೊಟ್ಟವರಿಗೆ ಎಲ್ಲವೂ ತಾನಾಗಿ ನಡೆಯುತ್ತದೆ ಎಂಬುದನ್ನು ಮಕ್ಕಳು ಅಲ್ಲಿ ಕಲಿತು ಬರಬಾರದು ಎಂಬುದಷ್ಟೇ ಆಕೆಯ ಅಳುಕು. ಹೋಟೆಲಿನ ಆಯ್ಕೆಯಲ್ಲಿ ಮಕ್ಕಳ ಸುರಕ್ಷತೆ, ಊಟ, ಆಟಗಳನ್ನು ವಿಚಾರಿಸುವ ಹಿರಿಯರು, ಮಕ್ಕಳು ಅಲ್ಲಿ ಏನಾಗುತ್ತಾರೆ ಎಂಬುದನ್ನು ವಿಚಾರಿಸುವುದು ಅಪರೂಪ.

ನಿರ್ಧಾರ ಮಧ್ಯಮಮಾರ್ಗದಲ್ಲಿ ಕೂಡಿಬಂತು. ಕೇಳಿದ ದಿನಗಳಿಗೆ ಒಳಬಾಗಿಲಿನ ಜೋಡಿಕೋಣೆಗಳು ದೊರೆತದ್ದು ಹಳೆಯ ಅರಮನೆಯ ಭಾಗದಲ್ಲಲ್ಲ, ಪಕ್ಕದ ಎತ್ತರದ ಕಟ್ಟಡದಲ್ಲಿ. ಬಾಡಿಗೆ ಅಲ್ಲಿ ಕಡಿಮೆ, ಕಡಲೂ ಕಾಣುತ್ತದೆ. ನಾಲ್ಕು ರಾತ್ರಿಗಳ ಬದಲು ಎರಡು. ಉಳಿದೆರಡು ಮಾಟುಂಗದ ಫ್ಲಾಟಿನಲ್ಲಿ. ಊಟ ಮಾತ್ರ ಹೊರಗೆ, ಬಾಳೆಯೆಲೆಯ ಮೇಲೆ. ಹಳೆಯ ಭಾಗವನ್ನು ನಡೆದು ನೋಡಬಹುದು. ಚರಿತ್ರೆಯನ್ನು ಅರಿಯಲು ಅದರ ಮಂಚದ ಮೇಲೆಯೇ ಮಲಗಬೇಕಾಗಿಲ್ಲ.

ಪ್ರವಾಸದಿಂದ ಮರಳಿದ ಮೇಲೆ ಹುಡುಗ ಹೇಳಿಕೊಂಡದ್ದು ಲಿಫ್ಟು ಮತ್ತು ದೋಣಿಯ ಸುದ್ದಿ. ಹುಡುಗಿ ನೆನಪಿಟ್ಟುಕೊಂಡದ್ದು ಬೇರೆ. ಅಜ್ಜಿ ಮೊದಲ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಹೊದಿಕೆಯನ್ನು ಮಡಚಿ, ದಿಂಬನ್ನು ಜೋಡಿಸಿ, ಒದ್ದೆ ಟವೆಲುಗಳನ್ನು ಒಂದೆಡೆ ಇಟ್ಟರು. "ಅದಕ್ಕೆಲ್ಲ ಜನ ಇದ್ದಾರೆ ಅಮ್ಮ" ಎಂದ ಮಗನಿಗೆ "ಇದ್ದಾರೆ, ಅದಕ್ಕೇ" ಎಂದರು. ಎರಡನೆಯ ಬೆಳಗು ಹುಡುಗಿ ತನ್ನ ಹೊದಿಕೆಯನ್ನೂ ತಮ್ಮನದನ್ನೂ ತಾನೇ ಮಡಚಿದಳು. ಯಾರೂ ಹೇಳಿರಲಿಲ್ಲ.