ಎಡಗಡೆಯ ನಟ್ಟು, ಒಡೆದ ಕಲ್ಲು: ಕೆಲವು ಟಿಪ್ಪಣಿಗಳು

ಭಾವ ಗುಜರಿ ಅಂಗಡಿಯಿಂದ ಹಳೇ ಬೆಂಚ್ ಗ್ರೈಂಡರ್ ತಂದಿದ್ದಾರೆ. ಎರಡು ತುದಿಗೆ ಸಾಣೆ ಕಲ್ಲು, ನಡುವೆ ಮೋಟರ್. ಎತ್ತಿದರೆ ಸೊಂಟ ಹಿಡಿಯುವ ತೂಕ. ಹೊಸದೇ ಸಿಗುತ್ತಲ್ಲ ಅಂದೆ. "ಬಾಡಿ ಬೀಡು ಕಣಯ್ಯ. ಎಷ್ಟು ಒತ್ತಿದರೂ ನಡುಗಲ್ಲ" ಅಂದರು.

ಬಲಗಡೆಯ ನಟ್ಟು ಎಲ್ಲ ನಟ್ಟುಗಳಂತೆಯೇ ಬಿಚ್ಚಿತು. ಎಡಗಡೆಯದನ್ನು ಭಾವ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿದರು, ಅದೂ ಬಿಚ್ಚಿತು! ಉಲ್ಟಾ ಥ್ರೆಡ್ಡಂತೆ. ಸ್ವಿಚ್ ಹಾಕಿದ ಕ್ಷಣ ಶಾಫ್ಟ್ ಮುಂದೆ ಓಡುತ್ತದೆ, ನಟ್ಟು ಕೊಂಚ ಹಿಂದೆ ಬೀಳುತ್ತದೆ. ಆ ಹಿಂದೆ ಬೀಳುವಿಕೆಯೇ ಎರಡೂ ಕಡೆ ನಟ್ಟನ್ನು ಬಿಗಿ ಮಾಡಬೇಕು, ಸಡಿಲಿಸಬಾರದು. ಇದನ್ನು ಮೊದಲು ಯೋಚಿಸಿದವನಿಗೆ ನಮಸ್ಕಾರ.

ಕರೆಂಟು ಕೊಟ್ಟರೆ ಗುಂಯ್ ಎನ್ನುತ್ತದೆ, ತಿರುಗದು. ಬರೀ ಶಾಫ್ಟನ್ನು ಕೋಲಿನಿಂದ ನೂಕಿದರೆ ಓಡುತ್ತದೆ, ಯಾವ ಕಡೆ ನೂಕಿದರೆ ಆ ಕಡೆ. ಸಿಂಗಲ್ ಫೇಸ್ ಮೋಟರಿಗೆ ತಾನಾಗಿ ದಿಕ್ಕೇ ಇಲ್ಲ, ಅದನ್ನು ಕೊಡುವುದು ಕಂಡೆನ್ಸರ್. ಹೊಸದು ಹಾಕಿದ ಮೇಲೆ ಸರಿಹೋಯಿತು. ವೈಂಡಿಂಗ್ ಮುಟ್ಟಲೇ ಇಲ್ಲ.

ಬೇರಿಂಗ್ ಮೇಲೆ 6203 ಎಂದಿದೆ. ಕೊನೆಯ ಎರಡಂಕಿ 04 ಇದ್ದರೆ ಒಳತೂತು 20 ಮಿ.ಮೀ., 05 ಇದ್ದರೆ 25. ಅಂದರೆ ಐದರಿಂದ ಗುಣಿಸಬೇಕು. 03ಕ್ಕೆ ಹದಿನೈದು ಬರಬೇಕಲ್ಲ? ಇಲ್ಲ, 17. ಯಾಕೋ! ಕೂರಿಸುವಾಗ ಒಳಬಳೆಯ ಮೇಲೆ ಮಾತ್ರ ಬಡಿದರು. ಹೊರಬಳೆಗೆ ಬಡಿದರೆ ಏಟು ಗುಂಡುಗಳ ಮೂಲಕ ಹೋಗಿ, ಅವು ಓಡುವ ದಾರಿಯೇ ನೆಗ್ಗುತ್ತದೆ.

ನನಗೆ ಅರ್ಥವಾಗದೆ ಹೋದದ್ದು ಕಲ್ಲಿನ ವಿಚಾರ. ತುಕ್ಕು ಹಿಡಿದ ವಾಷರನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಡಬ್ಬಿಗೆ ಹಾಕುವ ಮನುಷ್ಯ ಇವರು. ಹಳೇ ಕಲ್ಲುಗಳನ್ನು ಒಂದೊಂದಾಗಿ ಬೆರಳಿಗೆ ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿದರು, ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ. ಒಂದು ಟಣ್ ಎಂದಿತು. ಇನ್ನೊಂದು ಬೊದ್ದೆಂದಿತು, ಒಳಗೆ ಬಿರುಕಿರಬೇಕು. ಆಮೇಲೆ ಸುತ್ತಿಗೆ ತಗೊಂಡು ಎರಡನ್ನೂ ಒಡೆದರು! ಟಣ್ ಎಂದದ್ದನ್ನು ಯಾಕೆ? "ಎಲ್ಲೆಲ್ಲಿ ಬಿದ್ದಿತ್ತೋ, ಎಷ್ಟು ಎಣ್ಣೆ ಕುಡಿದಿದೆಯೋ. ಚೀಟಿಯೂ ಹರಿದಿದೆ, ಎಷ್ಟು ಸ್ಪೀಡು ತಡೀತದೆ ಅಂತ ಯಾರು ಹೇಳಬೇಕು? ಹಾಗೇ ಬಿಸಾಕಿದರೆ ಇನ್ಯಾರೋ ಎತ್ತಿಕೊಂಡು ಹೋಗಿ ಹಾಕ್ಕೊತಾರೆ."

ರಾತ್ರಿ ಲೆಕ್ಕ ಹಾಕಿದೆ. ಕಲ್ಲಿನ ವ್ಯಾಸ 200 ಮಿ.ಮೀ., ನಿಮಿಷಕ್ಕೆ 2850 ಸುತ್ತು. ಅಂಚಿನ ವೇಗ ಸೆಕೆಂಡಿಗೆ ಸುಮಾರು 30 ಮೀಟರ್, ಗಂಟೆಗೆ ನೂರು ಕಿ.ಮೀ. ಮೀರಿತು. ಒಡೆದದ್ದು ಸರಿ ಅನ್ನಿಸಿತು.

ಹೊಸ ಕಲ್ಲಿನ ವಿಚಿತ್ರ: ಗಟ್ಟಿ ಉಕ್ಕಿಗೆ ಮೆದು ಕಲ್ಲು, ಮೆದು ಕಬ್ಬಿಣಕ್ಕೆ ಗಟ್ಟಿ ಕಲ್ಲು. ಹರಳಿನ ಗಡಸುತನವಲ್ಲ ಇದು, ಹರಳನ್ನು ಹಿಡಿದಿರುವ ಅಂಟಿನ ಬಿಗಿ. ಗಟ್ಟಿ ಉಕ್ಕಿಗೆ ಹರಳು ಬೇಗ ಮೊಂಡಾಗುತ್ತದೆ. ಮೊಂಡಾದದ್ದು ಉದುರಿ ಹೊಸದು ಮೇಲೆ ಬರಬೇಕಾದರೆ ಅಂಟು ಸಡಿಲವಿರಬೇಕು. ಅಲ್ಯೂಮಿನಿಯಂ ಮಾತ್ರ ತಾಗಿಸಲೇಬೇಡ ಅಂದರು, ಕಲ್ಲಿನ ಸಂದುಗಳೆಲ್ಲ ಮೆತ್ತಿಕೊಳ್ಳುತ್ತವಂತೆ.

ಟೂಲ್ ರೆಸ್ಟಿಗೂ ಕಲ್ಲಿಗೂ 3 ಮಿ.ಮೀ. ಸಂದು ಇಟ್ಟರು, ಹೆಚ್ಚಾದರೆ ಉಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಸ್ವಿಚ್ ಹಾಕಿ ಇಬ್ಬರೂ ಪಕ್ಕಕ್ಕೆ ಸರಿದು ನಿಂತೆವು.

ಹಳೇ ಗ್ರೈಂಡರ್ ಕೊಳ್ಳುವವರು ಬಾಡಿ, ವೈಂಡಿಂಗ್ ನೋಡಿ ಕೊಳ್ಳಿ. ಅದರ ಜೊತೆ ಬಂದ ಕಲ್ಲನ್ನು ಮಾತ್ರ ಹಾಕಬೇಡಿ.