ಕೂಡಿದ್ದೆಲ್ಲ ಹೊಂದುವುದಿಲ್ಲ

ಬೇರೊಂದು ಬೀಗದ ಕೀಲಿಕೈಯು ತೂತಿನೊಳಗೆ ಸಲೀಸಾಗಿ ಹೋಗುವುದುಂಟು. ತಿರುಗಿಸುವಾಗ ಮಾತ್ರ ನಿಜವು ತಿಳಿಯುತ್ತದೆ. ಮನೆಯ ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರನ್ನು ಕೂಡಿಸಹೊರಟ ಗೃಹಸ್ಥನು ಇದನ್ನು ಮರೆಯಲಾಗದು. ಯಂತ್ರದ ಬುದ್ಧಿಯೆಲ್ಲವೂ ಪ್ರೊಸೆಸರಿನಲ್ಲಿದೆಯೆಂಬುದು ದಿಟ. ಆದರೆ ಅದಕ್ಕೆ ನೆಲೆಯನ್ನೂ ವಿದ್ಯುತ್ತನ್ನೂ ಕೊಡತಕ್ಕದ್ದು ಮದರ್‌ಬೋರ್ಡ್. ಬರುವ ಅತಿಥಿಯ ಗುಣಗಳನ್ನು ವಿಚಾರಿಸುವಷ್ಟು ಶ್ರದ್ಧೆಯಿಂದ ಮನೆಯೊಡೆಯನ ಶಕ್ತಿಯನ್ನು ವಿಚಾರಿಸುವವರು ವಿರಳ.

ಸಾಕೆಟ್ ಒಂದೇ ಆದರೆ ಸಾಕೆಂಬುದು ಸಾಮಾನ್ಯವಾದ ನಂಬಿಕೆ. 2017ರ ಅಕ್ಟೋಬರಿನಲ್ಲಿ ಇಂಟೆಲ್ ಸಂಸ್ಥೆಯ ಎಂಟನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಬಂದಾಗ, ಅವುಗಳ ತಳದಲ್ಲಿ ಹಿಂದಿನವುಗಳಂತೆಯೇ 1151 ಸಂಪರ್ಕಬಿಂದುಗಳಿದ್ದವು. 2015ರ ಬೋರ್ಡಿನಲ್ಲಿ ಅವು ಅಂದವಾಗಿ ಕುಳಿತುಕೊಳ್ಳುತ್ತಿದ್ದವು. ಆದರೆ ವಿದ್ಯುತ್ತನ್ನು ಒದಗಿಸುವ ಏರ್ಪಾಡು ಬದಲಾಗಿದ್ದುದರಿಂದ ಅವಕ್ಕೆ ಹೊಸ ಚಿಪ್‌ಸೆಟ್ಟಿನ ಬೋರ್ಡೇ ಬೇಕಾಯಿತು. ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ಟಿನ ಕಥೆ ಬೇರೆ. ಅದು 2016ರಲ್ಲಿ ಬಂದಿತು; 2020ರ ನವೆಂಬರಿನ ರೈಜನ್ 5000 ಶ್ರೇಣಿಯನ್ನು ಅದರ ಮೊದಲ ಕಾಲದ ಅನೇಕ ಬೋರ್ಡುಗಳು ಅರಿತುಕೊಂಡದ್ದು 2022ರಲ್ಲಿ, ಬಯೋಸಿನ ಹೊಸ ಆವೃತ್ತಿ ದೊರೆತ ಮೇಲೆ. ಬಯೋಸೆಂದರೆ ಯಂತ್ರವು ಕಣ್ತೆರೆಯುವಾಗ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವ, ಬೋರ್ಡಿನಲ್ಲಿಯೇ ನೆಲೆಸಿರುವ ಆಜ್ಞಾವಳಿ. ಅದು ಹೊಸಬನ ಗುರುತನ್ನು ಹಿಡಿಯದಿದ್ದರೆ ಮುಂದಿನ ಕೆಲಸವೇ ಇಲ್ಲ.

ಒಂದೇ ಕಂಪ್ಯೂಟರಿರುವ ಮನೆಯನ್ನು ನೆನೆಯಬಹುದು. ಮಗಳ ಪರೀಕ್ಷೆಗೆ ಹತ್ತು ದಿನಗಳಿವೆ. ತಂದೆಯು ತಿಂಗಳುಗಟ್ಟಲೆ ಕೂಡಿಟ್ಟ ಹಣದಿಂದ ತಂದ ಪ್ರೊಸೆಸರು ತನ್ನ ಸ್ಥಾನದಲ್ಲಿ ಕುಳಿತಿದೆ, ಫ್ಯಾನು ತಿರುಗುತ್ತಿದೆ. ತೆರೆಯ ಮೇಲೆ ಒಂದಕ್ಷರವೂ ಮೂಡದು. ಪೊಟ್ಟಣವನ್ನೊಡೆದ ಸರಕನ್ನು ಅಂಗಡಿಯವನು ಹಿಂದಕ್ಕೆ ಕೊಳ್ಳನು. ಮನೆಯಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಆ ರಾತ್ರಿಯ ಊಟ ಮಾತ್ರ ಮೌನವಾಗಿ ಮುಗಿಯುತ್ತದೆ.

ಇದನ್ನು ತಪ್ಪಿಸಲು ಬೇಕಾದುದು ಕಾಲು ಗಂಟೆಯ ತಾಳ್ಮೆ. ವಿಂಡೋಸಿನ ‘ಸಿಸ್ಟಮ್ ಇನ್ಫರ್ಮೇಶನ್’ ಎಂಬಲ್ಲಿ ಬೋರ್ಡಿನ ಹೆಸರೂ ಬಯೋಸಿನ ಆವೃತ್ತಿಯೂ ಕಾಣಿಸುತ್ತವೆ. ಬೋರ್ಡಿನ ತಯಾರಕರು ಅದಕ್ಕೆ ಒಪ್ಪುವ ಪ್ರೊಸೆಸರುಗಳ ಪಟ್ಟಿಯನ್ನೂ, ಒಂದೊಂದಕ್ಕೆ ಬೇಕಾದ ಬಯೋಸಿನ ಆವೃತ್ತಿಯನ್ನೂ ಪ್ರಕಟಿಸಿರುತ್ತಾರೆ. ಹೊಸ ಆವೃತ್ತಿ ಬೇಕೆಂದಿದ್ದರೆ ಹಳೆಯ ಪ್ರೊಸೆಸರನ್ನು ತೆಗೆಯುವ ಮುನ್ನವೇ, ಕರೆಂಟು ಹೋಗದಂತೆ ಏರ್ಪಾಡು ಮಾಡಿಕೊಂಡು, ಆ ಕೆಲಸವನ್ನು ಮುಗಿಸತಕ್ಕದ್ದು. ಅನೇಕ ಬೋರ್ಡುಗಳಲ್ಲಿ ಆಮೇಲೆ ಅದು ಸಾಧ್ಯವಾಗದು. 65 ವ್ಯಾಟಿನದರ ಸ್ಥಳಕ್ಕೆ 105 ವ್ಯಾಟಿನದು ಬರುವುದಾದರೆ, ಬಿಸಿಯನ್ನು ಹೊರದೂಡುವ ಕೂಲರಿನ ಶಕ್ತಿಯನ್ನೂ ನೋಡಬೇಕು.

ಹೊಸದರ ಹಿರಿಮೆಯನ್ನು ಸಾರಲು ಜಾಹೀರಾತುಗಳಿವೆ. ಹಳೆಯದರ ಪರವಾಗಿ ಮಾತನಾಡುವುದು ಆ ಪಟ್ಟಿಯೊಂದೇ. ಅದು ‘ಇಲ್ಲ’ವೆಂದರೆ ನಿರಾಶೆಯಾಗುವುದು ಸಹಜ. ಆದರೆ ಆ ನಿರಾಶೆಗೆ ಬೆಲೆ ತೆರಬೇಕಾಗಿಲ್ಲ. ಹಣವು ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಹಳೆಯ ಯಂತ್ರವು ನಿಧಾನವಾಗಿಯಾದರೂ ಮಗಳ ಓದನ್ನು ನಡೆಸಿಕೊಡುತ್ತದೆ.