ನೆಲದಡಿಯ ಲೆಕ್ಕವೂ ಕಟ್ಟಡದ ಪ್ರತಿಮಾನವೂ

ಕಟ್ಟಡದ ಆಯುಷ್ಯವು ಅದರ ತಳಹದಿಯಲ್ಲಿದೆ ಎಂಬುದು ಬಲ್ಲವರ ಮಾತು. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಗಜೇಂದ್ರಗಡದ ಬೆಟ್ಟದ ಮಗ್ಗುಲಲ್ಲಿ ಬಂಡೆಗಲ್ಲಿನ ಆಸರೆಯುಂಟು. ರೋಣ ನರಗುಂದಗಳ ಬಯಲಾದರೋ ಎರೆಭೂಮಿ. ನೀರುಂಡಾಗ ಉಬ್ಬಿ, ಬೇಸಗೆಯಲ್ಲಿ ಬಾಯ್ದೆರೆದು ಬಿರಿಯುವ ಈ ಮಣ್ಣು ಬಿಳಿಜೋಳಕ್ಕೆ ತಾಯಿ. ಗೋಡೆಗೆ ಮಾತ್ರ ನಂಬಲಾಗದ ನೆರೆಯವಳು.

ನರಗುಂದ ಪಟ್ಟಣದ ನೆಲವು ಇನ್ನೊಂದು ಗುಟ್ಟನ್ನೂ ಅಡಗಿಸಿಕೊಂಡಿದೆ. ಹಿಂದಿನ ಒಕ್ಕಲುಮಕ್ಕಳು ಜೋಳವನ್ನು ಹಗೇವುಗಳಲ್ಲಿ ಕಾಪಿಡುತ್ತಿದ್ದರು. ನೆಲವನ್ನು ಆಳವಾಗಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತುವುದು ಅದರ ಕ್ರಮ. ಬರಗಾಲಕ್ಕೆ ಆಸರೆಯಾಗಿದ್ದ ಈ ಕಣಜಗಳು ಕಾಲಕ್ರಮದಲ್ಲಿ ಬಳಕೆ ತಪ್ಪಿದವು. ಅವುಗಳ ಮೇಲೆ ಮನೆಗಳೆದ್ದವು. ಯಾವ ಹಗೇವು ಎಲ್ಲಿತ್ತೆಂಬುದನ್ನು ಬಲ್ಲ ಹಿರಿಯರು ಕಣ್ಮರೆಯಾದರು. ಮಲಪ್ರಭೆಯ ಕಾಲುವೆ ನೀರಾವರಿ ಬಂದ ಬಳಿಕ ಅಂತರ್ಜಲ ಮೇಲೇರಿತು. 2019ರಿಂದೀಚೆಗೆ ಪಟ್ಟಣದ ಓಣಿಗಳಲ್ಲಿ, ಮನೆಗಳ ಒಳಗೂ, ನೆಲ ಇದ್ದಕ್ಕಿದ್ದಂತೆ ಕುಸಿದು ಗುಂಡಿ ಬಿದ್ದ ಪ್ರಸಂಗಗಳು ನಡೆದಿವೆ. ಏರಿದ ಜಲವೂ ಮರೆತ ಹಗೇವೂ ಇದಕ್ಕೆ ಕಾರಣವೆಂದು ಎಣಿಸಲಾಗಿದೆ. ಕಟ್ಟಿದವರ ಕೈಯಲ್ಲಿ ಕಸುಬಿತ್ತು, ಕಲ್ಲಿತ್ತು. ನೆಲದಡಿಯ ಲೆಕ್ಕವೊಂದು ಇರಲಿಲ್ಲ.

ಇಂಥ ಲೆಕ್ಕವನ್ನು ಬರೆದಿಡಬಲ್ಲ ವಿದ್ಯೆಯೊಂದು ಇಂದು ಕಟ್ಟಡ ಕಾಮಗಾರಿಯಲ್ಲಿ ತಲೆಯೆತ್ತಿದೆ. ಅದಕ್ಕೆ ‘ಬಿಮ್’ ಎಂಬ ಹೆಸರು ರೂಢಿಯಾಗಿದೆ. ಕಟ್ಟಡದ ಮಾಹಿತಿ ಪ್ರತಿಮಾನವೆಂದು ಕರೆಯಬಹುದು. ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದಲ್ಲಿಯೇ ಇದರ ಬೀಜವನ್ನು ಬಿತ್ತಿದನು. ಕಾಗದದ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆ. ಪ್ರತಿಮಾನದಲ್ಲಿಯಾದರೋ ಗೋಡೆಯು ತನ್ನ ದಪ್ಪ, ದ್ರವ್ಯ, ಬೆಲೆ, ಕಟ್ಟಿದ ದಿನ ಇವೆಲ್ಲವನ್ನೂ ಹೊತ್ತು ನಿಂತಿರುತ್ತದೆ. ಒಂದು ಕಂಬವನ್ನು ಸರಿಸಿದರೆ ನಕ್ಷೆಯೂ ಸಿಮೆಂಟಿನ ಲೆಕ್ಕವೂ ಒಡನೆಯೇ ಬದಲಾಗುತ್ತವೆ. ನೀರಿನ ಕೊಳವೆಯು ತೊಲೆಗೆ ಅಡ್ಡ ಬರುವುದಾದರೆ ಇಟ್ಟಿಗೆ ಇಡುವ ಮುನ್ನವೇ ತಿಳಿಯುತ್ತದೆ. ಬ್ರಿಟನ್ನಿನ ಕೇಂದ್ರ ಸರಕಾರವು 2016ರಿಂದ ತನ್ನ ಕಾಮಗಾರಿಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ನಾಗಪುರದ ಮೆಟ್ರೊ ರೈಲು ಯೋಜನೆಯು ಮೂರು ಅಳತೆಗಳಿಗೆ ಕಾಲವನ್ನೂ ವೆಚ್ಚವನ್ನೂ ಕೂಡಿಸಿ ಇದನ್ನು ಬಳಸಿತು.

ಕಟ್ಟುವ ಮುನ್ನ ರೂಪವನ್ನು ಬರೆದಿಡುವುದು ಈ ದೇಶಕ್ಕೆ ಹೊಸತಲ್ಲ. 11ನೆಯ ಶತಮಾನದ ಭೋಜಪುರದ ದೇವಾಲಯದ ಸುತ್ತಲಿನ ಬಂಡೆಗಳ ಮೇಲೆ ಶಿಲ್ಪಿಗಳು ಕೊರೆದ ನಕ್ಷೆಗಳು ಇಂದಿಗೂ ಕಾಣುತ್ತವೆ. ಅದೇ ಶತಮಾನದಲ್ಲಿ ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ ಜೋಡುಕಳಸದ ಗುಡಿಯನ್ನು ಎತ್ತಿದ ರೂವಾರಿಗಳ ಅಳತೆಗಳು ಕಲ್ಲಿನಲ್ಲಿ ಉಳಿದವು; ಅವರ ಮನಸ್ಸಿನ ಲೆಕ್ಕ ಅವರೊಡನೆಯೇ ಅಳಿಯಿತು.

ಹೊಸ ವಿದ್ಯೆಗೂ ಈ ಅಪಾಯ ತಪ್ಪಿದ್ದಲ್ಲ. ಒಂದೇ ಕಂಪನಿಯ ಯಂತ್ರಲಿಪಿಯಲ್ಲಿ ಬರೆದ ಕಡತವು ಇಪ್ಪತ್ತು ವರ್ಷಗಳ ಬಳಿಕ ತೆರೆಯದೆ ಹೋಗಬಹುದು. ಆದುದರಿಂದಲೇ ಎಲ್ಲರೂ ಓದಬಹುದಾದ ಮುಕ್ತ ಕ್ರಮವೊಂದು 2013ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಓಲೆಗರಿ ಹುಳು ತಿನ್ನುವ ಮೊದಲೇ ಹೊಸ ಗರಿಗೆ ಪ್ರತಿ ಮಾಡಿದುದರಿಂದಲ್ಲವೇ ಪೂರ್ವಕವಿಗಳ ಕಾವ್ಯ ಉಳಿದದ್ದು? ಕಟ್ಟಡದ ಕಡತಕ್ಕೂ ಇಂಥ ಪ್ರತಿಕಾರರು ಬೇಕು.

ಇದಕ್ಕಿಂತ ಮಿಗಿಲಾದ ಮಾತೊಂದಿದೆ. ಯಂತ್ರವು ತನಗೆ ಹೇಳಿದ್ದನ್ನಷ್ಟೇ ಬಲ್ಲದು. ಎರೆಮಣ್ಣಿನ ಆಳವನ್ನು ಅಳೆಯದೆ, ಓಣಿಯ ಮುದುಕರನ್ನು ಹಗೇವಿನ ನೆಲೆ ಕೇಳದೆ ರಚಿಸಿದ ಪ್ರತಿಮಾನವು ಎಷ್ಟು ಸುಂದರವಾಗಿದ್ದರೂ ಗಾಳಿಯಲ್ಲಿ ನಿಂತ ಮನೆಯೇ ಸರಿ. ಈ ಸೀಮೆಯಲ್ಲಿ ಪ್ರತಿಮಾನದ ಮೊದಲ ಪುಟ ನೆಲದಡಿಯಿಂದ ಆರಂಭವಾಗಬೇಕು. ಇಂಜಿನಿಯರಿಂಗ್ ಓದಿದ ಹಳೆಯ ವಿದ್ಯಾರ್ಥಿಗಳಿಗೆ ಇದು ಊರಿನ ಋಣ ತೀರಿಸುವ ಕೆಲಸ. ಆ ಮುದುಕರು ಇರುವಾಗಲೇ ಆಗಬೇಕಾದ ಕೆಲಸ.

ಶಾಲೆಗೆ ಕೋಣೆ ಕಟ್ಟಿಸಿಕೊಟ್ಟ ದಾನಿಗಳ ಹೆಸರನ್ನು ಬಾಗಿಲ ಬಳಿಯ ಕಲ್ಲಿನಲ್ಲಿ ಕೆತ್ತಿಸುವುದು ಸಂಪ್ರದಾಯ. ಆ ಕೋಣೆಯ ತಳದಲ್ಲಿ ಏನಿದೆ, ಗೋಡೆಯೊಳಗೆ ಏನು ಹಾಯ್ದಿದೆ ಎಂಬ ಬರಹವನ್ನೂ ಸಂಸ್ಥೆಯ ಕಪಾಟಿನಲ್ಲಿ ಕಾಪಿಟ್ಟರೆ, ಮುಂದೆ ಅಲ್ಲಿ ಕುಳಿತು ಓದುವ ಮಕ್ಕಳಿಗೆ ದಾನವು ಪೂರ್ಣವಾಗಿ ಸಂದಂತಾಗುತ್ತದೆ.